ಹೊಸ್ತಿಲಿನ ಕಣ್ಣು: ದ್ವಾರಪಾಲಕನಿಂದ ನೇರ ದೃಶ್ಯಪ್ರಸಾರದವರೆಗೆ

ಪ್ರಸ್ತಾವನೆ

ಕೋಟೆಯ ಹೆಬ್ಬಾಗಿಲನ್ನೂ ದೇವಾಲಯದ ದ್ವಾರಬಂಧವನ್ನೂ ಕುರಿತು ನಮ್ಮ ವಿದ್ವಾಂಸರು ಬಹಳವಾಗಿ ಬರೆದಿದ್ದಾರೆ. ಸಾಮಾನ್ಯ ಗೃಹಸ್ಥನ ಮನೆಯ ಬಾಗಿಲಾದರೋ ಇತಿಹಾಸದ ವಿಷಯವೆಂದು ಎಣಿಸಲ್ಪಟ್ಟುದು ವಿರಳ. ಆದರೆ ಮನುಷ್ಯನು ಪರಿಚಿತನನ್ನೂ ಅಪರಿಚಿತನನ್ನೂ ಬೇರೆ ಬೇರೆಯಾಗಿ ಗುರುತಿಸುವ ಸ್ಥಳ ಅದೇ ಆಗಿರುವುದರಿಂದ, ಒಂದು ಸಮಾಜದ ನಂಬಿಕೆ, ಭಯ, ಮರ್ಯಾದೆಗಳ ಚರಿತ್ರೆಯನ್ನು ಅದರ ಹೊಸ್ತಿಲುಗಳಲ್ಲಿ ಓದಬಹುದೆಂದರೆ ತಪ್ಪಾಗಲಾರದು.

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಹೊಳನಗದ್ದೆಯಂತಹ ಗ್ರಾಮದಲ್ಲಿ ಇಂದು ಬಾಗಿಲಿನ ಪಕ್ಕಕ್ಕೆ ಕರೆಗಂಟೆಯ ಗುಂಡಿಯೊಡನೆ ಒಂದು ಚಿಕ್ಕ ಕ್ಯಾಮೆರಾವನ್ನು ಕೂರಿಸಿ, ಅದು ಕಾಣುವ ದೃಶ್ಯವನ್ನು ಬೆಂಗಳೂರಿನಲ್ಲಿಯೋ ದುಬೈಯಲ್ಲಿಯೋ ಇರುವ ಮಕ್ಕಳು ಆ ಕ್ಷಣದಲ್ಲಿಯೇ ನೋಡುವಂತೆ ಏರ್ಪಡಿಸುವುದು ಸಾಧ್ಯವಾಗಿದೆ. ಇದನ್ನು ಯಂತ್ರಕುಶಲಿಯ ಕೆಲಸವೆಂದು ಬಿಟ್ಟುಬಿಡುವುದು ಸುಲಭ. ನಮ್ಮ ಅಭಿಪ್ರಾಯದಲ್ಲಿ ಇದು ಬಾಗಿಲ ಕಾವಲಿನ ದೀರ್ಘವಾದ ಇತಿಹಾಸದಲ್ಲಿ ಒಂದು ಮುಖ್ಯವಾದ ತಿರುವು. ಹಿಂದೆ ಬಾಗಿಲನ್ನು ಕಾಯುವ ಕಣ್ಣು ಒಳಗಿನಿಂದ ಹೊರಕ್ಕೆ ನೋಡುತ್ತಿತ್ತು. ಈಗ ಅದು ಹೊರಗಿನ, ಬಹುದೂರದ ಒಂದು ಸ್ಥಾನದಿಂದ ಹೊಸ್ತಿಲಿನ ಕಡೆಗೆ ನೋಡತೊಡಗಿದೆ. ಈ ವ್ಯತ್ಯಾಸವು ಹೇಗೆ ಉಂಟಾಯಿತು, ಅದರ ಏರ್ಪಾಡು ಯಾವ ಬಗೆಯದು, ಅದರಿಂದ ಮನೆಯವರಿಗೆ ಒದಗುವ ಲಾಭಹಾನಿಗಳೇನು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇವೆ.

೧. ಪಡಿಯರನೂ ಕೋಟೆಯ ಕೊತ್ತಲವೂ

ಹಳಗನ್ನಡದಲ್ಲಿ ಬಾಗಿಲು ಕಾಯುವವನಿಗೆ ‘ಪಡಿಯಱ’ ಎಂಬ ಹೆಸರಿದೆ. ಇದು ಸಂಸ್ಕೃತದ ‘ಪ್ರತಿಹಾರ’ ಶಬ್ದದ ತದ್ಭವ. ಚಾಳುಕ್ಯರ ಕಾಲದ ಶಾಸನಗಳಲ್ಲಿ ಅರಮನೆಯ ಆಡಳಿತವನ್ನು ನೋಡುವ ‘ಮನೆವೆರ್ಗಡೆ’ ಎಂಬ ಅಧಿಕಾರಿಯೂ ಕಾಣಿಸಿಕೊಳ್ಳುತ್ತಾನೆ. ಅರಸನ ಮನೆಯನ್ನು ಯಾರು ಹೊಗಬಹುದು, ಯಾರು ಹೊಗಬಾರದು ಎಂಬುದು ರಾಜ್ಯಾಡಳಿತದ ಒಂದು ಅಂಗವಾಗಿದ್ದಿತೆಂಬುದಕ್ಕೆ ಈ ಪದವಿಗಳೇ ಸಾಕ್ಷಿ. ಬಾದಾಮಿ, ಐಹೊಳೆಗಳಿಂದ ಬೇಲೂರು, ಹಳೇಬೀಡುಗಳವರೆಗಿನ ಗುಡಿಗಳಲ್ಲಿ ಗರ್ಭಗೃಹದ ಇಕ್ಕೆಲಗಳಲ್ಲಿ ನಿಂತಿರುವ ದ್ವಾರಪಾಲಕರೂ ಇದೇ ಭಾವನೆಯನ್ನು ಕಲ್ಲಿನಲ್ಲಿ ಮೂಡಿಸಿದವರು.

೧೫೨೦ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿಯ ಅರಮನೆಯ ಬಾಗಿಲುಗಳಲ್ಲಿ ಚಾವಟಿಯನ್ನೂ ಕೋಲನ್ನೂ ಹಿಡಿದು ನಿಂತಿದ್ದ ಕಾವಲುಗಾರರನ್ನು ವರ್ಣಿಸಿದ್ದಾನೆ. ನಾಯಕರನ್ನೂ ಪ್ರಮುಖರನ್ನೂ, ಮೇಲಧಿಕಾರಿಯಿಂದ ಅಪ್ಪಣೆ ಬಂದವರನ್ನೂ ಹೊರತು ಉಳಿದವರನ್ನು ಅವರು ಒಳಕ್ಕೆ ಬಿಡುತ್ತಿರಲಿಲ್ಲ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ, ಬಂದವನ ಗುರುತು ಹಿಡಿಯುವುದು, ಅವನ ಅಧಿಕಾರವನ್ನು ಪರೀಕ್ಷಿಸುವುದು, ಪ್ರವೇಶವನ್ನು ಕೊಡುವುದು ಎಂಬ ಮೂರು ಕೆಲಸಗಳೂ ಅಲ್ಲಿ ಒಬ್ಬನ ಕೈಯಲ್ಲಿಯೇ ಇದ್ದವು.

ಕುಮಟಾ ತಾಲ್ಲೂಕಿನಲ್ಲಿಯೇ ಅಘನಾಶಿನಿಯ ಬಳಿ ಇರುವ ಮಿರ್ಜಾನ ಕೋಟೆಯು ಈ ಕಾವಲಿನ ಇನ್ನೊಂದು ರೂಪವನ್ನು ತೋರಿಸುತ್ತದೆ. ಮೆಣಸಿನ ವ್ಯಾಪಾರದಿಂದ ಪ್ರಸಿದ್ಧಳಾಗಿ, ಪೋರ್ಚುಗೀಸರಿಂದ ‘ಮೆಣಸಿನ ರಾಣಿ’ ಎಂದು ಕರೆಯಿಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಡನೆ ಈ ಕೋಟೆಯ ಸಂಬಂಧವಿದೆ. ಚಿರೆಕಲ್ಲಿನ ಗೋಡೆ, ಸುತ್ತಲಿನ ಕಂದಕ, ಮುಂಚಾಚಿದ ಕೊತ್ತಲಗಳು ಇವೆಲ್ಲವೂ ಬರುವವನನ್ನು ದೂರದಿಂದಲೇ ಕಂಡುಹಿಡಿಯುವುದಕ್ಕಾಗಿ ಏರ್ಪಟ್ಟವು.

ಇಲ್ಲಿ ವಾಚಕರು ಗಮನಿಸತಕ್ಕ ಅಂಶ ಒಂದುಂಟು. ಪಡಿಯರನಾಗಲಿ ಕೊತ್ತಲದ ಮೇಲಿನ ಆಳಾಗಲಿ ತಾನು ನೋಡುವಾಗ ತಾನೂ ಕಾಣಿಸಿಕೊಳ್ಳುತ್ತಿದ್ದನು. ಅವನಿಗೆ ಒಂದು ಮುಖವಿತ್ತು, ಒಂದು ಹೆಸರಿತ್ತು. ಅವನು ತಪ್ಪಿ ನಡೆದರೆ ಕೇಳುವವರು ಇದ್ದರು. ಅವನ ನೋಟಕ್ಕೆ ನೆನಪಿನ ಹೊರತು ಬೇರೆ ಸಂಗ್ರಹವಿರಲಿಲ್ಲ. ಅವನು ಕಂಡದ್ದನ್ನು ಇನ್ನೊಬ್ಬನು ತಿಳಿಯಬೇಕಾದರೆ ಅವನ ಬಾಯಿಂದಲೇ ಕೇಳಬೇಕಾಗಿತ್ತು.

೨. ಜಗಲಿಯ ವ್ಯವಸ್ಥೆ

ಕರಾವಳಿಯ ಮನೆ ಕೋಟೆಯಲ್ಲ. ಬಯಲುಸೀಮೆಯ ಊರುಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು, ಊರಿಗೆ ಒಂದು ಅಗಸೆಬಾಗಿಲಿರುವುದುಂಟು. ಇಲ್ಲಿಯಾದರೋ ಮನೆಗಳು ತೆಂಗಿನ ತೋಟ, ಗದ್ದೆಗಳ ನಡುವೆ ಚದರಿಹೋಗಿವೆ. ಹೊಳನಗದ್ದೆ ಎಂಬ ಹೆಸರಿನ ಉತ್ತರಪದವೇ ಗದ್ದೆ. ಹೀಗೆ ಚದರಿದ ಊರಿಗೆ ಒಂದೇ ಬಾಗಿಲು, ಒಬ್ಬನೇ ಕಾವಲುಗಾರ ಎಂಬುದು ಸಾಧ್ಯವಿಲ್ಲ. ಪ್ರತಿಯೊಂದು ಮನೆಯೂ ತನ್ನ ಕಾವಲನ್ನು ತಾನೇ ನೋಡಿಕೊಳ್ಳಬೇಕಾಗಿತ್ತು.

ಅದಕ್ಕಾಗಿ ಈ ನಾಡಿನ ಜನರು ಕಂಡುಕೊಂಡ ವ್ಯವಸ್ಥೆ ಬಹು ಸೂಕ್ಷ್ಮವಾದುದು. ಮೊದಲು ಬೇಲಿಯ ದಣಪೆ, ಅದನ್ನು ದಾಟಿದರೆ ಅಂಗಳ, ಅಂಗಳವನ್ನು ದಾಟಿದರೆ ಜಗಲಿ, ಅದರಾಚೆಗೆ ಹೊಸ್ತಿಲು. ಬಂದವನು ದಣಪೆಯಲ್ಲಿ ನಿಂತು ಕೂಗುತ್ತಾನೆ. ಅಂಗಳದಲ್ಲಿ ಅವನ ನಡೆ ಕಾಣಿಸುತ್ತದೆ. ಜಗಲಿಯಲ್ಲಿ ಅವನಿಗೆ ಕುಳಿತುಕೊಳ್ಳಲು ಸ್ಥಳ, ಕುಡಿಯಲು ನೀರು ದೊರೆಯುತ್ತದೆ. ಹೊಸ್ತಿಲನ್ನು ದಾಟಬೇಕೆ ಬೇಡವೆ ಎಂಬುದು ಆ ಬಳಿಕದ ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಕುಮಟಾ ಹತ್ತಿಯ ರಫ್ತಿಗೆ ಹೆಸರಾದ ಬಂದರಾಗಿದ್ದು, ಧಾರವಾಡದ ಕಡೆಯ ಹತ್ತಿ ಘಟ್ಟವಿಳಿದು ಇಲ್ಲಿಗೆ ಬರುತ್ತಿತ್ತು. ‘ಕುಮಟಾ ಹತ್ತಿ’ ಎಂಬ ಹೆಸರು ಅಂದಿನ ಪೇಟೆಗಳಲ್ಲಿ ಬಳಕೆಗೆ ಬಂದುದು ಈ ಕಾರಣದಿಂದಲೇ. ಆದುದರಿಂದ ಈ ಸೀಮೆಗೆ ಅಪರಿಚಿತರು ಹೊಸಬರಲ್ಲ. ಅಪರಿಚಿತನನ್ನು ಅವಮಾನಿಸದೆ ಪರೀಕ್ಷಿಸುವ ವಿಧಾನವೇ ಜಗಲಿ ಎಂದು ನಾವು ಹೇಳಬಹುದು.

ಕಣ್ಣಿಗೆ ಕಾಣದ ಧ್ವನಿಯನ್ನು ನಂಬಬಾರದೆಂಬ ಎಚ್ಚರವೂ ನಮ್ಮ ಜನರಲ್ಲಿ ಹಳೆಯದು. ಕರ್ನಾಟಕದ ಹಲವು ಕಡೆಗಳಲ್ಲಿ, ವಿಶೇಷವಾಗಿ ೧೯೯೦ರ ದಶಕದಲ್ಲಿ, ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ಹಲವರ ನೆನಪಿನಲ್ಲಿರಬಹುದು. ರಾತ್ರಿಯಲ್ಲಿ ದೆವ್ವವೊಂದು ಪರಿಚಿತರ ಧ್ವನಿಯಲ್ಲಿ ಕೂಗುತ್ತದೆ, ಓಗೊಟ್ಟು ಬಾಗಿಲು ತೆಗೆದವರಿಗೆ ಕೇಡಾಗುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ನಂಬಿಕೆಯ ಸತ್ಯಾಸತ್ಯತೆ ನಮಗೆ ಇಲ್ಲಿ ಮುಖ್ಯವಲ್ಲ. ಮುಚ್ಚಿದ ಬಾಗಿಲಿನ ಹಿಂದೆ ನಿಂತವನಿಗೆ ಧ್ವನಿಯೊಂದೇ ಸಾಲದು, ಮುಖವೂ ಕಾಣಬೇಕು ಎಂಬ ಅಗತ್ಯವನ್ನು ಅದು ಸ್ಪಷ್ಟವಾಗಿ ಹೇಳುತ್ತದೆ.

ಜಗಲಿಯ ಈ ವ್ಯವಸ್ಥೆ ನಡೆಯಬೇಕಾದರೆ ಜಗಲಿಯಲ್ಲಿ ಜನರಿರಬೇಕು. ಕೊಲ್ಲಿ ರಾಷ್ಟ್ರಗಳಿಗೂ ಮುಂಬಯಿ, ಬೆಂಗಳೂರುಗಳಿಗೂ ಉದ್ಯೋಗಕ್ಕಾಗಿ ಹೋಗುವುದು ಈ ಕರಾವಳಿಯಲ್ಲಿ ದಶಕಗಳಿಂದ ನಡೆದುಬಂದಿದೆ. ೧೯೯೮ರ ಜನವರಿ ೨೬ರಂದು ಕೊಂಕಣ ರೈಲುಮಾರ್ಗವು ಪೂರ್ಣವಾಗಿ ಸಂಚಾರಕ್ಕೆ ತೆರವಾದ ಮೇಲೆ ಹೋಗಿಬರುವುದು ಇನ್ನಷ್ಟು ಸುಲಭವಾಯಿತು. ಎಷ್ಟೋ ಮನೆಗಳಲ್ಲಿ ವೃದ್ಧ ತಂದೆತಾಯಿಗಳು ಮಾತ್ರವೇ ಉಳಿದರು. ಜಗಲಿಯಲ್ಲಿ ಕುಳಿತು ದಾರಿಯನ್ನು ನೋಡುತ್ತಿದ್ದ ಹತ್ತು ಕಣ್ಣುಗಳು ಎರಡಾದವು, ಅವೂ ಮಂಜಾದವು. ಬಾಗಿಲ ಕ್ಯಾಮೆರಾ ಕಾಲಿರಿಸಿದುದು ಈ ತೆರವಾದ ಸ್ಥಾನಕ್ಕೆ.

೩. ಯಂತ್ರದ ಕಣ್ಣು

ಚಿತ್ರವನ್ನು ತಂತಿಯ ಮೂಲಕ ಸಾಗಿಸಿ, ಸೀಮಿತವಾದ ಕೆಲವರಿಗೆ ಮಾತ್ರ ತೋರಿಸುವ ಪದ್ಧತಿಯು ಯುದ್ಧದ ಸಂದರ್ಭದಲ್ಲಿ ಹುಟ್ಟಿದುದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ೧೯೪೨ರಲ್ಲಿ ಜರ್ಮನಿಯ ಪೀನೆಮುಂಡೆಯಲ್ಲಿ ರಾಕೆಟ್ಟುಗಳ ಉಡಾವಣೆಯನ್ನು ಸುರಕ್ಷಿತವಾದ ದೂರದಿಂದ ನೋಡಲು ವಾಲ್ಟರ್ ಬ್ರುಖ್ ಎಂಬ ಎಂಜಿನಿಯರನು ಇಂತಹ ಏರ್ಪಾಡನ್ನು ಮಾಡಿದನು. ಆದರೆ ಅದನ್ನು ಮನೆಯ ಬಾಗಿಲಿಗೆ ತಂದ ಕೀರ್ತಿ ಸೇನೆಗಾಗಲಿ ದೊಡ್ಡ ಕಾರ್ಖಾನೆಗಾಗಲಿ ಸೇರಿದುದಲ್ಲ; ಒಬ್ಬ ದಾದಿಗೆ ಸೇರಿದುದು.

ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ವಾಸವಾಗಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ಆಫ್ರಿಕನ್ ಅಮೆರಿಕನ್ ಮಹಿಳೆ ವೃತ್ತಿಯಿಂದ ದಾದಿಯಾಗಿದ್ದಳು. ಆಕೆಯ ಪತಿ ಆಲ್ಬರ್ಟ್ ಬ್ರೌನ್ ವಿದ್ಯುನ್ಮಾನ ಕುಶಲಿ. ಇಬ್ಬರ ಕೆಲಸದ ವೇಳೆಗಳೂ ಬೇರೆ ಬೇರೆಯಾಗಿದ್ದುದರಿಂದ ಆಕೆ ಮನೆಯಲ್ಲಿ ಒಬ್ಬಳೇ ಇರಬೇಕಾಗುತ್ತಿತ್ತು. ಕರೆದಾಗ ಪೋಲೀಸರು ಬರುವುದು ತಡವಾಗುತ್ತಿತ್ತು. ದಂಪತಿಗಳು ೧೯೬೬ರ ಆಗಸ್ಟ್ ೧ರಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ೧೯೬೯ರ ಡಿಸೆಂಬರ್ ೨ರಂದು ಅದು ಮಂಜೂರಾಯಿತು. ಬಾಗಿಲಿನಲ್ಲಿ ಬೇರೆ ಬೇರೆ ಎತ್ತರದ ನಾಲ್ಕು ರಂಧ್ರಗಳು. ಅವುಗಳ ಹಿಂದೆ ಮೇಲಕ್ಕೂ ಕೆಳಕ್ಕೂ ಸರಿಯುವ ಒಂದು ಕ್ಯಾಮೆರಾ. ಮಲಗುವ ಕೋಣೆಯಲ್ಲಿ ಚಿತ್ರವನ್ನು ತೋರಿಸುವ ಪರದೆ. ಒಳಗಿನವರೂ ಹೊರಗಿನವರೂ ಮಾತನಾಡಲು ಧ್ವನಿವಾಹಕ. ಎದ್ದುಹೋಗದೆಯೇ ಬಾಗಿಲು ತೆರೆಯಲು ಒಂದು ಗುಂಡಿ. ಅಪಾಯದಲ್ಲಿ ಕರೆಗಂಟೆ ಬಾರಿಸಲು ಇನ್ನೊಂದು. ಇಂದಿನ ಬಾಗಿಲ ಇಂಟರ್‌ಕಾಮಿನ ಮುಖ್ಯ ಅಂಗಗಳೆಲ್ಲವೂ ಇದರಲ್ಲಿ ಅಡಕವಾಗಿವೆ.

ಇಲ್ಲಿ ನೋಡುವವಳು ಎಲ್ಲಿದ್ದಾಳೆ? ಮನೆಯ ಒಳಗೆ. ಅಪಾಯಕ್ಕೆ ಗುರಿಯಾಗತಕ್ಕವಳೂ ಅವಳೇ, ನೋಡುವ ಅಧಿಕಾರವುಳ್ಳವಳೂ ಅವಳೇ. ಮುಂದೆ ಬಳಕೆಗೆ ಬಂದ ನಾಲ್ಕು ತಂತಿಗಳ ಇಂಟರ್‌ಕಾಮ್ ಕೂಡ ಇದೇ ಬಗೆಯದು. ವಿದ್ಯುತ್ತಿಗೊಂದು, ಅದರ ಮರುದಾರಿಗೊಂದು, ಧ್ವನಿಗೊಂದು, ಚಿತ್ರಕ್ಕೊಂದು ಹೀಗೆ ನಾಲ್ಕು ತಂತಿಗಳು ಬಾಗಿಲಿನಿಂದ ಹೊರಟು ಒಳಗಿನ ಪರದೆಯಲ್ಲಿ ಮುಗಿಯುತ್ತವೆ. ಅತಿಥಿಯು ಗುಂಡಿಯನ್ನೊತ್ತಿದಾಗ, ಅಥವಾ ಒಳಗಿನವರು ಬಯಸಿದಾಗ ಮಾತ್ರ ಕ್ಯಾಮೆರಾ ಎಚ್ಚರಗೊಳ್ಳುತ್ತದೆ. ಉಳಿದ ಕಾಲದಲ್ಲಿ ನಿದ್ರಿಸುತ್ತದೆ. ಕರೆದಾಗ ಬರುವ ಸೇವಕನಂತಿದ್ದ ಈ ಯಂತ್ರಕ್ಕೂ, ಎಂದಿಗೂ ಕಣ್ಣು ಮುಚ್ಚದ ಇಂದಿನ ಯಂತ್ರಕ್ಕೂ ಇರುವ ಅಂತರವನ್ನು ಮುಂದೆ ನೋಡುವೆವು.

೪. ಚಿತ್ರಕ್ಕೆ ಕಾಲು ಬಂದುದು

ತಂತಿಯ ತುದಿಯಲ್ಲಿಯೇ ನಿಂತಿದ್ದ ಚಿತ್ರವು ಲೋಕವನ್ನು ಸುತ್ತಲು ಹೊರಟ ಕಥೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಒಂದು ಕಾಫಿ ಪಾತ್ರೆಯಿಂದ ಆರಂಭವಾಗುತ್ತದೆ. ಅಲ್ಲಿಯ ಗಣಕ ಪ್ರಯೋಗಾಲಯದ ಸಂಶೋಧಕರು ಮೆಟ್ಟಿಲು ಹತ್ತಿಳಿದು ಬಂದಾಗ ಪಾತ್ರೆ ಬರಿದಾಗಿರುತ್ತಿದ್ದುದರಿಂದ ಬೇಸತ್ತು, ೧೯೯೧ರಲ್ಲಿ ಅದರೆದುರಿಗೆ ಒಂದು ಕ್ಯಾಮೆರಾವನ್ನಿಟ್ಟು, ತಮ್ಮ ಮೇಜಿನಿಂದಲೇ ನೋಡುವಂತೆ ಮಾಡಿಕೊಂಡರು. ೧೯೯೩ರಲ್ಲಿ ಆ ಚಿತ್ರವು ಜಾಗತಿಕ ಜಾಲಕ್ಕೆ ಸೇರಿತು. ೨೦೦೧ರ ಆಗಸ್ಟಿನಲ್ಲಿ ಕ್ಯಾಮೆರಾವನ್ನು ನಿಲ್ಲಿಸಲಾಯಿತು. ವಿನೋದಕ್ಕಾಗಿ ನಡೆದ ಈ ಪ್ರಯೋಗವು, ಒಂದು ಸ್ಥಳವನ್ನು ಸದಾಕಾಲವೂ ದೂರದಿಂದ ನೋಡುತ್ತಿರಬಹುದು ಎಂಬ ಗಂಭೀರವಾದ ಸಾಧ್ಯತೆಯನ್ನು ತೋರಿಸಿಕೊಟ್ಟಿತು.

ಅದು ಬಿಡಿಬಿಡಿ ಚಿತ್ರಗಳ ಸಾಲು. ಚಲಿಸುವ ಚಿತ್ರವನ್ನೂ ಧ್ವನಿಯನ್ನೂ ಕಾಲಕ್ಕೆ ಸರಿಯಾಗಿ ಸಾಗಿಸಬೇಕಾದರೆ ಯಂತ್ರಗಳ ನಡುವೆ ಒಪ್ಪಂದದ ಭಾಷೆ ಬೇಕು. ೧೯೯೬ರಲ್ಲಿ ಪ್ರಕಟವಾದ ಆರ್.ಟಿ.ಪಿ. ಎಂಬ ನಿಯಮಾವಳಿಯು ಚಿತ್ರದ ತುಣುಕುಗಳಿಗೆ ಕ್ರಮಸಂಖ್ಯೆಯನ್ನೂ ವೇಳೆಯನ್ನೂ ಹಚ್ಚಿ ಕಳುಹಿಸುವ ಕ್ರಮವನ್ನು ನಿಶ್ಚಯಿಸಿತು. ೧೯೯೮ರ ಏಪ್ರಿಲಿನಲ್ಲಿ ಬಂದ ಆರ್.ಟಿ.ಎಸ್.ಪಿ.ಯು ಆ ಪ್ರವಾಹವನ್ನು ಆಳುವ ಆಜ್ಞೆಗಳನ್ನು ಕೊಟ್ಟಿತು: ನಿನ್ನಲ್ಲಿ ಏನಿದೆ ಹೇಳು, ದಾರಿಯನ್ನು ಸಿದ್ಧಪಡಿಸು, ಆರಂಭಿಸು, ಮುಗಿಸು. ೧೯೯೯ರ ಎಸ್.ಐ.ಪಿ.ಯು ಕರೆಯುವುದಕ್ಕೂ ಓಗೊಡುವುದಕ್ಕೂ ಸಂಬಂಧಿಸಿದುದು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಹೆನ್ನಿಂಗ್ ಶುಲ್ಝ್‌ರಿನ್ನೆಯು ಈ ಮೂರಕ್ಕೂ ರಚನಕಾರರಲ್ಲೊಬ್ಬನೆಂಬುದು ಸ್ಮರಣೀಯ. ಜಾಲಕ್ಕೆ ಸೇರಿದ ಬಾಗಿಲ ಇಂಟರ್‌ಕಾಮ್‌ಗಳಲ್ಲಿ ಇಂದಿಗೂ ಕರೆಗೆ ಎಸ್.ಐ.ಪಿ.ಯೂ ಚಿತ್ರಕ್ಕೆ ಆರ್.ಟಿ.ಎಸ್.ಪಿ.ಯೂ ವಿಶೇಷವಾಗಿ ಬಳಕೆಯಲ್ಲಿವೆ.

೨೦೦೩ರಲ್ಲಿ ಅಂಗೀಕೃತವಾದ ಎಚ್.೨೬೪ ಎಂಬ ಸಂಕೋಚನ ಕ್ರಮವು ಚಿತ್ರದ ಭಾರವನ್ನು ಇಳಿಸಿತು. ೨೦೦೮ರಲ್ಲಿ ಆಕ್ಸಿಸ್, ಬಾಷ್, ಸೋನಿ ಸಂಸ್ಥೆಗಳು ಕೂಡಿ ಸ್ಥಾಪಿಸಿದ ಓನ್‌ವಿಫ್ ಎಂಬ ಮಂಡಲಿಯು ಒಬ್ಬರ ಕ್ಯಾಮೆರಾ ಇನ್ನೊಬ್ಬರ ಮುದ್ರಕ ಯಂತ್ರದೊಡನೆ ಮಾತನಾಡುವಂತೆ ಮಾಡಿತು. ಭಾರತದಲ್ಲಿ ೧೯೯೫ರ ಆಗಸ್ಟ್ ೧೫ರಂದು ಸಾರ್ವಜನಿಕರಿಗೆ ದೊರೆತ ಅಂತರಜಾಲವು, ೨೦೧೬ರ ಬಳಿಕ ಅಗ್ಗವಾದ ಮೊಬೈಲ್ ಸಂಪರ್ಕದಿಂದಲೂ, ಗ್ರಾಮ ಪಂಚಾಯಿತಿಗಳಿಗೆ ಬೆಳಕಿನ ತಂತಿಯನ್ನು ಒಯ್ಯುವ ಭಾರತ್‌ನೆಟ್ ಯೋಜನೆಯಿಂದಲೂ ಹಳ್ಳಿಗಳ ಕಡೆಗೆ ಹರಿಯಿತು. ಹೀಗೆ ನಾಲ್ಕು ದಿಕ್ಕುಗಳಿಂದ ಬಂದ ಕಾರಣಗಳು ಕೂಡಿದ ಮೇಲೆಯೇ ಕರಾವಳಿಯ ಹೊಸ್ತಿಲಿನ ಚಿತ್ರಕ್ಕೆ ಕಾಲು ಬಂದುದು.

೫. ಏರ್ಪಾಡಿನ ಕ್ರಮ

ಈಗ ಏರ್ಪಾಡನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಏಕೆಂದರೆ ಇದರ ಸಾಮಾಜಿಕ ಪರಿಣಾಮವು ಇಂತಹ ಚಿಕ್ಕ ಚಿಕ್ಕ ನಿರ್ಧಾರಗಳಲ್ಲಿಯೇ ಅಡಗಿದೆ.

ಮೊದಲನೆಯದಾಗಿ, ಬಾಗಿಲಿನ ಯಂತ್ರವು ಯಾವ ಜಾತಿಯದೆಂದು ತಿಳಿಯಬೇಕು. ನಾಲ್ಕು ತಂತಿಯ ಹಳೆಯ ಇಂಟರ್‌ಕಾಮಿನ ಚಿತ್ರವನ್ನು ಜಾಲಕ್ಕೆ ಹರಿಸಬೇಕಾದರೆ ಎನ್‌ಕೋಡರ್ ಎಂಬ ಪರಿವರ್ತಕ ಬೇಕು. ಕ್ಯಾಮೆರಾಕ್ಕೆ ಸದಾ ವಿದ್ಯುತ್ತು ಒದಗುವಂತೆಯೂ ಮಾಡಬೇಕು, ಇಲ್ಲವಾದರೆ ಗುಂಡಿಯನ್ನೊತ್ತದ ಹೊರತು ಪರದೆ ಕಪ್ಪಾಗಿಯೇ ಇರುತ್ತದೆ. ಬ್ಯಾಟರಿಯಿಂದ ನಡೆಯುವ ಕರೆಗಂಟೆಗಳೂ ಶಕ್ತಿಯನ್ನು ಉಳಿಸಲು ನಿದ್ರಿಸುವಂತಹವು; ಎಡೆಬಿಡದ ಪ್ರಸಾರಕ್ಕೆ ಅವು ಒದಗವು. ತಂತಿಯ ವಿದ್ಯುತ್ತಿನಿಂದ ನಡೆದು, ಆರ್.ಟಿ.ಎಸ್.ಪಿ. ಅಥವಾ ಓನ್‌ವಿಫ್ ಅನ್ನು ಬಲ್ಲ ಯಂತ್ರವೇ ಇದಕ್ಕೆ ತಕ್ಕುದು.

ಎರಡನೆಯದಾಗಿ, ಮನೆಯ ಒಳಜಾಲದಲ್ಲಿ ಆ ಯಂತ್ರಕ್ಕೆ ಬದಲಾಗದ ವಿಳಾಸವನ್ನು ಕೊಡಬೇಕು. ರೌಟರ್ ಎಂಬ ದಾರಿಕಾರ ಯಂತ್ರವು ಈ ವಿಳಾಸವನ್ನು ಕಾದಿರಿಸಬಲ್ಲುದು. ಹೀಗೆ ಮಾಡದಿದ್ದರೆ, ವಿದ್ಯುತ್ತು ಹೋಗಿ ಬಂದಾಗ ವಿಳಾಸವು ಬದಲಾಗಿ, ನೋಡುವವರು ಬರಿಯ ಗೋಡೆಯ ಮುಂದೆ ನಿಂತಂತಾಗುತ್ತದೆ. ಬಳಿಕ ತಯಾರಕರು ಕೊಟ್ಟ ಗುಪ್ತಪದವನ್ನು ಕೂಡಲೇ ಬದಲಾಯಿಸಿ, ಪ್ರಸಾರವನ್ನು ನೋಡುವುದಕ್ಕೆ ಮಾತ್ರ ಅಧಿಕಾರವುಳ್ಳ ಬೇರೊಂದು ಹೆಸರನ್ನು ನೋಂದಾಯಿಸಬೇಕು.

ಮೂರನೆಯದಾಗಿ, ಪ್ರವಾಹದ ಗಾತ್ರವನ್ನು ನಿಶ್ಚಯಿಸಬೇಕು. ಸೆಕೆಂಡಿಗೆ ೨ ಮೆಗಾಬಿಟ್ ಪ್ರಮಾಣದ ಚಿತ್ರವು ಗಂಟೆಗೆ ೯೦೦ ಮೆಗಾಬೈಟ್, ದಿನಕ್ಕೆ ೨೧.೬ ಗಿಗಾಬೈಟ್, ೩೦ ದಿನಗಳಿಗೆ ೬೪೮ ಗಿಗಾಬೈಟ್ ಆಗುತ್ತದೆ. ಇದು ಮನೆಯಿಂದ ಹೊರಕ್ಕೆ ಹೋಗತಕ್ಕ ಪ್ರವಾಹವೆಂಬುದನ್ನು ಮರೆಯಬಾರದು. ಆದುದರಿಂದಲೇ ಹೆಚ್ಚಿನ ಯಂತ್ರಗಳು ಎರಡು ಪ್ರವಾಹಗಳನ್ನು ಕೊಡುತ್ತವೆ: ಮನೆಯೊಳಗಿನ ಸಂಗ್ರಹಕ್ಕೆ ಸ್ಪಷ್ಟವಾದುದೊಂದು, ದೂರದ ನೋಟಕ್ಕೆ ಹಗುರವಾದುದೊಂದು. ಸೆಕೆಂಡಿಗೆ ಅರ್ಧ ಮೆಗಾಬಿಟ್ಟಿನ ಹಗುರ ಪ್ರವಾಹವು ದಿನಕ್ಕೆ ೫.೪ ಗಿಗಾಬೈಟಿನಲ್ಲಿ ಮುಗಿಯುತ್ತದೆ. ಮುಖವನ್ನು ಗುರುತಿಸಲು ಅದು ಬಹುಮಟ್ಟಿಗೆ ಸಾಕು.

ನಾಲ್ಕನೆಯದಾಗಿ, ಪರೀಕ್ಷೆಯನ್ನು ಮನೆಯೊಳಗಿನಿಂದಲೇ ಆರಂಭಿಸಬೇಕು. ಕ್ಯಾಮೆರಾದ ವಿಳಾಸ, ರೂಢಿಯ ೫೫೪ನೆಯ ಪೋರ್ಟ್, ಪ್ರವಾಹದ ಹೆಸರು ಇವನ್ನು ವಿ.ಎಲ್.ಸಿ.ಯಂತಹ ಮುಕ್ತ ವೀಕ್ಷಕ ತಂತ್ರಾಂಶಕ್ಕೆ ಕೊಟ್ಟಾಗ ಚಿತ್ರ ಮೂಡಿದರೆ, ಬಾಗಿಲಿನ ತುದಿಯ ಕೆಲಸ ಸರಿಯಾಗಿದೆಯೆಂದು ಅರ್ಥ. ಮೂಡದಿದ್ದರೆ ದೋಷವು ಮನೆಯಲ್ಲಿಯೇ ಇದೆ. ಹೊರಗಿನ ಸಂಪರ್ಕವನ್ನು ದೂರುವುದು ವ್ಯರ್ಥ.

ಕರಾವಳಿಗೆ ವಿಶಿಷ್ಟವಾದ ಕಷ್ಟಗಳೂ ಉಂಟು. ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಈ ತೀರದಲ್ಲಿ ತೇವವೂ ಉಪ್ಪುಗಾಳಿಯೂ ತಂತಿಯ ತುದಿಗಳನ್ನು ತಿನ್ನುತ್ತವೆ. ಮುಂಗಾರಿನ ಮೊದಲ ಸಿಡಿಲುಗಳು ಉದ್ದವಾದ ತಂತಿಯ ಮೂಲಕ ಯಂತ್ರವನ್ನು ಕೆಡಿಸುತ್ತವೆ. ಮಾಡಿನ ಇಳಿಜಾರಿನ ಕೆಳಗೆ, ಜಡಿಮಳೆ ಹೊಡೆಯದ ಕಡೆ ಕ್ಯಾಮೆರಾವನ್ನು ಕೂರಿಸುವುದು, ನೆಲಸಂಪರ್ಕವನ್ನೂ ಸಿಡಿಲುತಡೆಯನ್ನೂ ಅಳವಡಿಸುವುದು, ರೌಟರಿಗೂ ಕ್ಯಾಮೆರಾಕ್ಕೂ ಒಂದೇ ಬ್ಯಾಟರಿ ಆಸರೆಯನ್ನು ಕೊಡುವುದು ಇಲ್ಲಿ ಅವಶ್ಯಕ.

೬. ಎರಡನೆಯ ಬಾಗಿಲು

ಮನೆಯೊಳಗೆ ಕಾಣುವ ಚಿತ್ರವನ್ನು ದೂರದ ಊರಿಗೆ ಮುಟ್ಟಿಸುವುದು ಹೇಗೆ? ನಮ್ಮ ವಿಷಯದ ತಿರುಳು ಇಲ್ಲಿದೆ. ಗಣಕದ ಪರಿಭಾಷೆಯ ‘ಪೋರ್ಟ್’ ಶಬ್ದದ ಮೂಲವು ಲ್ಯಾಟಿನ್ ಭಾಷೆಯ ‘ಪೋರ್ಟಾ’. ಅದರ ಅರ್ಥ ಬಾಗಿಲು. ಮನೆಗೆ ಮರದ ಬಾಗಿಲು ಒಂದಿರುವಂತೆ ಜಾಲದ ಬಾಗಿಲೂ ಒಂದುಂಟು. ರೌಟರೇ ಅದರ ಪಡಿಯರ. ಮರದ ಬಾಗಿಲನ್ನು ಕಾಯಲೆಂದು ಕ್ಯಾಮೆರಾವನ್ನು ತಂದವರು, ದೂರದ ನೋಟಕ್ಕಾಗಿ ಜಾಲದ ಬಾಗಿಲನ್ನು ತೆರೆಯಬೇಕಾಗುತ್ತದೆ.

ಇದಕ್ಕೆ ಮೂರು ದಾರಿಗಳಿವೆ. ರೌಟರಿನಲ್ಲಿ ಒಂದು ಪೋರ್ಟನ್ನು ಹೊರಲೋಕಕ್ಕೆ ನೇರವಾಗಿ ತೆರೆದಿಡುವುದು ಮೊದಲನೆಯದು. ಇದು ಸರಳ, ಆದರೆ ಅಪಾಯಕರ. ೨೦೧೬ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು, ತಯಾರಕರು ಕೊಟ್ಟಿದ್ದ ಅರವತ್ತಕ್ಕೂ ಹೆಚ್ಚು ಹೆಸರು-ಗುಪ್ತಪದಗಳ ಜೋಡಿಗಳನ್ನು ಒಂದೊಂದಾಗಿ ಪ್ರಯೋಗಿಸಿ, ಗುಪ್ತಪದ ಬದಲಾಯಿಸದೆ ಬಿಟ್ಟಿದ್ದ ಲಕ್ಷಾಂತರ ಕ್ಯಾಮೆರಾ, ರೌಟರು ಮೊದಲಾದ ಯಂತ್ರಗಳನ್ನು ವಶಪಡಿಸಿಕೊಂಡಿತು. ಅವುಗಳ ಬಲದಿಂದಲೇ ಆ ವರ್ಷದ ಅಕ್ಟೋಬರ್ ೨೧ರಂದು ಡೈನ್ ಸಂಸ್ಥೆಯ ಮೇಲೆ ನಡೆದ ದಾಳಿಯಿಂದ ಹಲವು ಪ್ರಸಿದ್ಧ ಜಾಲತಾಣಗಳು ಗಂಟೆಗಟ್ಟಲೆ ದೊರೆಯದಾದವು. ಮನೆ ಕಾಯಲು ಇಟ್ಟ ಕಾವಲುಗಾರರು ಕಳ್ಳರ ದಂಡಿಗೆ ಸೇರಿದರೆಂದರೆ ಅತಿಶಯೋಕ್ತಿಯಲ್ಲ. ಅಲ್ಲದೆ ನಮ್ಮ ದೇಶದ ಬಹಳಷ್ಟು ಮೊಬೈಲ್ ಸಂಪರ್ಕಗಳಲ್ಲಿ ಒಂದೇ ಬಹಿರಂಗ ವಿಳಾಸವನ್ನು ಅನೇಕ ಗ್ರಾಹಕರು ಹಂಚಿಕೊಳ್ಳುವುದರಿಂದ ಈ ದಾರಿ ಹಲವರಿಗೆ ತೆರೆಯುವುದೇ ಇಲ್ಲ.

ತಯಾರಕರ ದೂರದ ಗಣಕಗಳ ಮೂಲಕ ಚಿತ್ರವನ್ನು ಹಾಯಿಸುವುದು ಎರಡನೆಯ ದಾರಿ. ಮನೆಯವರಿಗೆ ಯಾವ ಶ್ರಮವೂ ಇಲ್ಲದ ಕಾರಣ ಇದು ಅತಿ ಜನಪ್ರಿಯವಾಗಿದೆ. ಆದರೆ ಹೊಸ್ತಿಲಿನ ನೋಟವು ಮೊದಲು ಪರರ ಉಗ್ರಾಣಕ್ಕೆ ಹೋಗಿ, ಅಲ್ಲಿಂದ ಮಕ್ಕಳಿಗೆ ತಲಪುತ್ತದೆ. ೨೦೨೩ರ ಮೇ ೩೧ರಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ರಿಂಗ್ ಸಂಸ್ಥೆಯ ಮೇಲೆ ಮಾಡಿದ ಆರೋಪ ಇಂತಹುದೇ: ಗ್ರಾಹಕರ ಖಾಸಗಿ ದೃಶ್ಯಗಳನ್ನು ನೌಕರರೂ ಗುತ್ತಿಗೆದಾರರೂ ನೋಡಲು ಅವಕಾಶವಿದ್ದಿತು ಎಂಬುದು. ಸಂಸ್ಥೆಯು ೫೮ ಲಕ್ಷ ಡಾಲರುಗಳನ್ನು ತೆರಲು ಒಪ್ಪಿ ವಿವಾದವನ್ನು ಮುಗಿಸಿತು. ಗೋಡೆಗೂ ಕಿವಿಯುಂಟು ಎಂಬ ಗಾದೆಗೆ ಈಗ ಬಾಗಿಲಿಗೂ ಕಣ್ಣುಂಟು ಎಂದು ಸೇರಿಸಬೇಕಾಗಿದೆ.

ವಿ.ಪಿ.ಎನ್. ಎಂಬ ಮುಚ್ಚಿದ ಸುರಂಗದ ದಾರಿ ಮೂರನೆಯದು. ದೂರದ ಮಗನ ಫೋನು ಈ ಸುರಂಗದ ಮೂಲಕ ಮೊದಲು ಮನೆಯ ಒಳಜಾಲವನ್ನು ಸೇರುತ್ತದೆ; ಬಳಿಕ ಜಗಲಿಯಲ್ಲಿಯೇ ಕುಳಿತಂತೆ ಕ್ಯಾಮೆರಾವನ್ನು ನೋಡುತ್ತದೆ. ಕ್ಯಾಮೆರಾ ಮಾತ್ರ ಹೊರಲೋಕಕ್ಕೆ ಕಾಣಿಸಿಕೊಳ್ಳುವುದಿಲ್ಲ. ೨೦೨೦ರ ಮಾರ್ಚಿನಲ್ಲಿ ಲಿನಕ್ಸಿನ ೫.೬ನೆಯ ಆವೃತ್ತಿಯಲ್ಲಿ ಸೇರಿದ ವೈರ್‌ಗಾರ್ಡ್ ಎಂಬ ಕ್ರಮವು ಇದನ್ನು ಸಾಕಷ್ಟು ಸುಲಭಗೊಳಿಸಿದೆ. ಒಂದು ಬಹಿರಂಗ ವಿಳಾಸ ಅಥವಾ ನಡುವಣ ಆಸರೆಯ ಗಣಕ ಇದಕ್ಕೆ ಬೇಕಾದೀತು. ಆದರೆ ಅಲ್ಲಿ ಚಿತ್ರವು ಬೀಗಮುದ್ರೆಯೊಡನೆಯೇ ಹಾದುಹೋಗುವುದರಿಂದ ನಡುವಿನವನು ಅದನ್ನು ನೋಡಲಾರ. ಮೂರರಲ್ಲಿ ಕೀಲಿಯು ಮನೆಯಲ್ಲಿಯೇ ಉಳಿಯುವ ದಾರಿ ಇದೊಂದೇ.

೭. ನೋಟದ ಮರ್ಯಾದೆ

ದೂರದ ಕಳ್ಳನ ಅಥವಾ ಕುತೂಹಲಿಯ ನೋಟವನ್ನು ತಡೆದರೆ ಪ್ರಶ್ನೆ ಮುಗಿಯುವುದೆ? ಮುಗಿಯದೆಂದು ನಮ್ಮ ಅಭಿಪ್ರಾಯ. ಬಾಗಿಲ ಕ್ಯಾಮೆರಾದ ಮುಂದೆ ದಿನವೂ ಹಾಯುವವರು ಯಾರು? ಕಳ್ಳನು ಬರುವುದು ಎಂದಾದರೊಮ್ಮೆ, ಬಾರದೆಯೂ ಇರಬಹುದು. ದಿನಕ್ಕೆ ಹತ್ತು ಬಾರಿ ಹಾಯುವವರು ಮನೆಯವರೇ. ತಾಯಿ ಎಷ್ಟು ಗಂಟೆಗೆ ಬಾಗಿಲು ತೆರೆದಳು, ತಂದೆ ಪೇಟೆಗೆ ಹೋದವನು ಎಷ್ಟು ಹೊತ್ತಿಗೆ ಮರಳಿದನು, ನೆರೆಯವಳು ಬಂದು ಎಷ್ಟು ಹೊತ್ತು ಕುಳಿತಳು ಎಂಬುದೆಲ್ಲವೂ ದಾಖಲೆಯಾಗುತ್ತದೆ. ಬ್ರೌನ್ ದಂಪತಿಗಳ ಯಂತ್ರದಲ್ಲಿ ಒಳಗಿನವಳು ಹೊರಗಿನವನನ್ನು ನೋಡಿದಳು. ಇಲ್ಲಿ ಹೊರಗಿರುವವನು ಒಳಗಿನವರನ್ನು ನೋಡುತ್ತಾನೆ. ಅವನು ಮಗನೇ ಆಗಿರಬಹುದು, ಪ್ರೀತಿಯಿಂದಲೇ ನೋಡುತ್ತಿರಬಹುದು. ತಾಯಿ ಜಾರಿಬಿದ್ದಾಗ ಆ ನೋಟವೇ ಜೀವವನ್ನು ಉಳಿಸಬಹುದೆಂಬುದನ್ನೂ ನಾವು ಅಲ್ಲಗಳೆಯುವುದಿಲ್ಲ. ಆದರೂ ಪ್ರೀತಿಯ ಕಾವಲೂ ಕಾವಲೇ ಎಂಬುದನ್ನು ಮರೆಯಲಾಗದು.

ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ೨೦೧೭ರ 
ಆಗಸ್ಟ್ ೨೪ರಂದು ಒಮ್ಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರಾದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರೆಂಬುದು ಕನ್ನಡಿಗರು ಹೆಮ್ಮೆಯಿಂದ ಸ್ಮರಿಸತಕ್ಕ ವಿಷಯ. ಆದರೆ ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ವ್ಯಕ್ತಿಯೊಬ್ಬನು ಸ್ವಂತಕ್ಕಾಗಿ ಅಥವಾ ಗೃಹಕೃತ್ಯಕ್ಕಾಗಿ ನಡೆಸುವ ವ್ಯವಹಾರವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಯುರೋಪಿನಲ್ಲಿ ಈ ಪ್ರಶ್ನೆಯು ಬೇರೊಂದು ಬಗೆಯಾಗಿ ನಿರ್ಣಯವಾಯಿತು. ಮನೆಯ ಕ್ಯಾಮೆರಾವು ಸಾರ್ವಜನಿಕ ಬೀದಿಯನ್ನೂ ಚಿತ್ರಿಸುತ್ತಿದ್ದರೆ ಅದನ್ನು ಕೇವಲ ಗೃಹಕೃತ್ಯವೆಂದು ಎಣಿಸಲಾಗದೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು ೨೦೧೪ರ ಡಿಸೆಂಬರ್ ೧೧ರಂದು ತೀರ್ಮಾನಿಸಿತು. ನಮ್ಮಲ್ಲಿ ಮನೆಯೊಳಗಿನ ಈ ವಿಷಯವನ್ನು ಬಹುಮಟ್ಟಿಗೆ ಮನೆಯ ವಿವೇಕಕ್ಕೇ ಬಿಟ್ಟಂತಾಗಿದೆ. ವಿವೇಕದ ಮಾದರಿಯಾದರೋ ಹೊರಗಿನಿಂದ ಬರಬೇಕಾದುದಿಲ್ಲ, ಜಗಲಿಯಲ್ಲಿಯೇ ಇದೆ.

ಜಗಲಿಯಲ್ಲಿ ಕುಳಿತವನು ತನ್ನ ಅಂಗಳವನ್ನು ನೋಡುತ್ತಿದ್ದನು, ನೆರೆಮನೆಯ ಒಳಗನ್ನು ನೋಡುತ್ತಿರಲಿಲ್ಲ. ಅಂತೆಯೇ ಕ್ಯಾಮೆರಾದ ಮುಖವನ್ನು ತನ್ನ ಅಂಗಳಕ್ಕೆ ಮಾತ್ರ ತಿರುಗಿಸಿ, ದಾರಿಯ ಹಾಗೂ ನೆರೆಯ ಭಾಗವನ್ನು ಮುಸುಕುವ ಸೌಕರ್ಯವನ್ನು ಬಳಸಬೇಕು. ಜಗಲಿಯವನು ಬಂದವನಿಗೆ ಕಾಣಿಸಿಕೊಳ್ಳುತ್ತಿದ್ದನು. ಅಂತೆಯೇ ಇಲ್ಲಿ ಚಿತ್ರ ತೆಗೆಯಲಾಗುತ್ತಿದೆ ಎಂಬ ಕನ್ನಡದ ಫಲಕವೊಂದು ದಣಪೆಯಲ್ಲಿಯೇ ಇರಬೇಕು. ಜಗಲಿಯವನಿಗೆ ಮರೆವು ಇತ್ತು. ಅಂತೆಯೇ ಸಂಗ್ರಹವು ಕೆಲವು ದಿನಗಳಲ್ಲಿ ತಾನಾಗಿ ಅಳಿಸಿಹೋಗುವಂತೆ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜಗಲಿಯವನು ಎದ್ದು ಒಳಗೆ ಹೋಗಬಲ್ಲವನಾಗಿದ್ದನು. ಅಂತೆಯೇ ಮನೆಯಲ್ಲಿ ವಾಸಿಸುವವರ ಕೈಗೆ ಎಟುಕುವಂತೆ ಒಂದು ಸ್ವಿಚ್ಚು ಇರಬೇಕು. ತಮಗೆ ಬೇಡವಾದಾಗ ಅವರು ಯಾರ ಅಪ್ಪಣೆಯನ್ನೂ ಕೇಳದೆ ಆ ಕಣ್ಣನ್ನು ಮುಚ್ಚಬಲ್ಲವರಾಗಬೇಕು.

ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವುದಿಷ್ಟು. ಅರಮನೆಯ ಪಡಿಯರನೂ ಕರಾವಳಿಯ ಜಗಲಿಯೂ ನ್ಯೂಯಾರ್ಕಿನ ದಾದಿಯ ಯಂತ್ರವೂ ಒಂದೇ ಅಗತ್ಯದಿಂದ ಹುಟ್ಟಿದವು. ಆ ಮೂರರಲ್ಲಿಯೂ ನೋಡುವವನು ಹೊಸ್ತಿಲಿನ ಬಳಿಯಲ್ಲಿಯೇ ಇದ್ದನು. ನೇರ ದೃಶ್ಯಪ್ರಸಾರವು ಕಣ್ಣನ್ನು ಹೊಸ್ತಿಲಿನಿಂದ ಬಿಡಿಸಿ ಲೋಕದ ಯಾವ ಮೂಲೆಗಾದರೂ ಒಯ್ಯಬಲ್ಲುದು. ಆದುದರಿಂದ ಅದನ್ನು ಏರ್ಪಡಿಸುವವರು ಚಿತ್ರದ ಸ್ಪಷ್ಟತೆಯನ್ನು ವಿಚಾರಿಸುವ ಮೊದಲು ಆ ಚಿತ್ರವು ಯಾವ ದಾರಿಯಲ್ಲಿ ಹೋಗುತ್ತದೆ, ಕೀಲಿ ಯಾರ ಕೈಯಲ್ಲಿದೆ, ಮುಚ್ಚುವ ಅಧಿಕಾರ ಯಾರದು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಇಂತಹ ಮನೆಗಳಿಂದಲೇ ಬಂದವರು. ನಾಳೆ ತಮ್ಮ ತಂದೆತಾಯಿಗಳ ಬಾಗಿಲಿಗೆ ಈ ಯಂತ್ರವನ್ನು ಕೂರಿಸತಕ್ಕವರೂ ಅವರೇ. ಕೂರಿಸುವ ದಿನ, ಆ ಪುಟ್ಟ ಪರದೆಯನ್ನು ಮೊದಲು ತಾಯಿಯ ಕೈಗಿತ್ತು, ಏನು ಕಾಣುತ್ತದೆ, ಯಾರಿಗೆ ಕಾಣುತ್ತದೆ, ಹೇಗೆ ನಿಲ್ಲಿಸಬೇಕು ಎಂಬುದನ್ನು ಆಕೆಗೆ ತಿಳಿಯುವ ಮಾತಿನಲ್ಲಿ ಹೇಳಿಕೊಟ್ಟರೆ, ಹೊಸ್ತಿಲಿನ ಒಡೆತನವು ಅದು ಸಲ್ಲತಕ್ಕವರಿಗೇ ಸಲ್ಲುತ್ತದೆ.